ಮಾಳಿಂಗಪ್ಪನ ಕಂಬಳಿ ನೀರು ಕುಡಿದದ್ದು

ನಾನೊಂದು ಕರಿ ಕಂಬಳಿ. ಯಾವ ಯಾವ ಕುರಿಯ ಉಣ್ಣೆಯಿಂದ ಬಂದೆನೋ ಗೊತ್ತಿಲ್ಲ. ನೂತವಳು ಹನಮವ್ವ, ನೇಯ್ದವನು ಅವಳ ಗಂಡ. ಹುಣಸೆ ಬೀಜದ ಗಂಜಿ ಬಳಿದು ಬಿಸಿಲಿಗೆ ಹಾಕಿದಾಗ ನಾನು ಹಲಗೆಯಂತೆ ಸೆಟೆದುಕೊಂಡೆ. ಮೈತುಂಬ ಒರಟು ಕೂದಲು, ಕೂದಲಿಗೆಲ್ಲ ಕುರಿಯ ಮೈಜಿಡ್ಡು. ಕಂಬಳಿಯಲ್ಲಿ ಕೂಳು ಕಟ್ಟಿ ಕೂದಲು ಬಂತೆಂದು ಗೊಣಗುವವರು ನನ್ನಿಂದ ದೂರ ಇರಲಿ. ನನಗೆ ಮೈಲಿಗೆಯಿಲ್ಲವೆಂದು ಮಡಿವಂತರೇ ಒಪ್ಪಿದ್ದಾರೆ, ಅಷ್ಟು ಸಾಕು.

ಕುರಿಗಾರ ಮಾಳಿಂಗಪ್ಪ ನನ್ನನ್ನು ಕೊಂಡ. ಮಳೆ ಬಂದರೆ ಕೊಪ್ಪೆ ಮಾಡಿ ತಲೆಯ ಮೇಲಿಂದ ಹೊದ್ದು ಹಿಂಡಿನ ಹಿಂದೆ ನಡೆಯುತ್ತಿದ್ದ. ಮಳೆಹನಿಯ ಗುಣ ನಾನು ಕಲಿತದ್ದು ಆಗ. ಜಿಡ್ಡು ಇರುವುದರಿಂದ ಹನಿ ನನ್ನ ಮೈಗೆ ಇಳಿಯುವುದಿಲ್ಲ. ಕೂದಲ ತುದಿಗಳ ಮೇಲೆ ಗುಂಡಗೆ ಕೂರುತ್ತದೆ, ಅದರ ಕೆಳಗೆಲ್ಲ ಗಾಳಿ. ದಪ್ಪ ಹನಿ ತನ್ನ ಭಾರಕ್ಕೆ ತಾನೇ ಉರುಳಿ ಹೋಗುತ್ತದೆ. ಸಣ್ಣ ಹನಿಗೆ ಹಟ ಹೆಚ್ಚು. ಜಿಟಿಜಿಟಿ ಮಳೆಯ ಹನಿ ಕೂದಲಿಗೆ ಜೋತುಬಿದ್ದು, ಪಕ್ಕದ ಹನಿ ಬಂದು ಸೇರುವವರೆಗೂ ಕದಲುವುದಿಲ್ಲ. ಅದಕ್ಕೇ ಮಾಳಿಂಗಪ್ಪ ಆಗಾಗ ನನ್ನನ್ನು ಕೊಡವುತ್ತಿದ್ದ. ಕೈಯಿಂದ ಮಾತ್ರ ಒರೆಸುತ್ತಿರಲಿಲ್ಲ. ಒರೆಸಿದರೆ ಹನಿ ಕೂದಲ ಸಂದಿಗೆ ಇಳಿಯುತ್ತದೆ, ಇಳಿದದ್ದು ಕೊಡವಿದರೆ ಹೋಗುವುದಿಲ್ಲ. ಅವನಿಗೆ ದಮ್ಮಿನ ಕಾಯಿಲೆ. ಎದೆ ನೆನೆದರೆ ಜೀವಕ್ಕೇ ಅಪಾಯವೆಂದು ಡಾಕ್ಟರು ಹೇಳಿದ್ದರು. ಎಷ್ಟೋ ಮಳೆಗಾಲ ಆ ಎದೆಯನ್ನು ನಾನು ನೆನೆಯದಂತೆ ಕಾದೆ, ಆ ಬಗ್ಗೆ ನನಗೆ ಜಂಬವೂ ಇತ್ತು.

ಆಮೇಲೆ ನೀಲವ್ವ ಸೊಸೆಯಾಗಿ ಬಂದಳು. ಅವಳ ತವರಿನವರು ಕುರಿ ಬಿಟ್ಟು ಪೇಟೆಯಲ್ಲಿ ಹಣ್ಣು ಮಾರುವವರು. ಮಾವ ಹಿಂಡಿನೊಂದಿಗೆ ಹೊರಡುವ ಮುಂಚೆ ಅವನಿಗೆ ಏನಾದರೂ ಮಾಡಿಕೊಡಬೇಕೆಂದು ಅವಳಿಗೆ ಆಸೆ. ನನ್ನ ವಾಸನೆ ಮೂಗಿಗೆ ಬಡಿದಿರಬೇಕು. ಬಿಸಿನೀರಿಗೆ ಸಾಬೂನು ಪುಡಿ ಹಾಕಿ, ನನ್ನನ್ನು ತಿಕ್ಕಿ ತಿಕ್ಕಿ ಒಗೆದಳು. ಗಂಜಿ ಹೋಯಿತು, ಜಿಡ್ಡು ಹೋಯಿತು. ನಾನು ಮೆತ್ತಗಾಗಿ ಮಲ್ಲಿಗೆಯ ಹಾಗೆ ಘಮಘಮಿಸಿದೆ. ನಾಚಿಕೆಗೇಡು. ಮಾಳಿಂಗಪ್ಪ ನನ್ನನ್ನು ಬೆರಳಲ್ಲಿ ತಿಕ್ಕಿ ನೋಡಿದ, ಒಮ್ಮೆ ಮೋಡದತ್ತ ಕಣ್ಣು ಹಾಯಿಸಿದ, ಚಲೋ ಆಗೇತಿ ಎಂದು ಹೊದ್ದು ಹೊರಟ.

ಬಯಲಲ್ಲಿ ಮಳೆ ಹಿಡಿಯಿತು. ಬಿದ್ದ ಹನಿ ಈ ಸಲ ಕೂರಲಿಲ್ಲ, ಚಪ್ಪಟೆಯಾಗಿ ಹರಡಿ ಒಳಗಿಳಿಯಿತು. ಅವನು ಕೊಡವಿದ, ಮತ್ತೆ ಕೊಡವಿದ. ನೀರು ಕುಡಿದು ಕುಡಿದು ನಾನು ಅವನ ಹೆಗಲು ಜಗ್ಗುವಷ್ಟು ಭಾರವಾದೆ. ನನ್ನ ಕೆಳಗೆ ಅವನ ಎದೆ ಸೀಟಿ ಊದತೊಡಗಿತು. ಜೊತೆಯ ಕುರಿಗಾರರು ಟೆಂಪೋದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಒಯ್ದರು.

ಜೀವ ಉಳಿಯಿತು. ಆದರೆ ಇನ್ನು ಹಿಂಡಿನ ಹಿಂದೆ ಹೋಗುವಂತಿಲ್ಲ ಎಂದರು ಡಾಕ್ಟರು. ಅವನನ್ನು ನೋಡಲು ಮನೆಗೆ ಬಂದ ಹನಮವ್ವ ನನ್ನ ಅಂಚು ಮುಟ್ಟಿದವಳೇ ಮುಖ ಗಂಟಿಕ್ಕಿದಳು.

"ಇದಕ್ಕ ಸಾಬೂನು ಹಚ್ಚಿದವ್ರು ಯಾರು?"

"ನಾನ," ಎಂದ ಮಾಳಿಂಗಪ್ಪ.

ಅರವತ್ತಕ್ಕೆ ಅರಳುಮರಳು ಎಂದು ಅವಳು ಅವನನ್ನು ಚೆನ್ನಾಗಿ ಬೈದು ಹೋದಳು. ನೀಲವ್ವ ಚಹಾದ ಲೋಟ ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಮಾವ ಮಲಗಿದ್ದ ಹೊರಸಿನ ಹತ್ತಿರ ಬಂದು ಕೂತಳು.

"ಮಾವಾರ, ನನ್ನಿಂದ ಹಿಂಗಾತು."

"ಒಗದದ್ದು ಮಳಿ ತಡಿಯೂದಿಲ್ಲಂತ ಹೊದ್ಕೊಳ್ಳೂ ಮುಂದ ನನಗ ಗೊತ್ತಿತ್ತವ್ವ."

"ಮತ್ಯಾಕ ಹೊದ್ಕೊಂಡು ಹೋದ್ರಿ?"

"ನೀ ಬಂದ ಮ್ಯಾಲ ನನಗಂತ ಮಾಡಿದ ಮೊದಲ್ನೇ ಕೆಲಸ ಅದು. ಮನ್ಯಾಗ ಬಿಟ್ಟು ಹ್ಯಾಂಗ ಹೋಗ್ಲಿ?"

ಅವಳು ನನ್ನ ಅಂಚಿಗೆ ಮುಖ ಒತ್ತಿಕೊಂಡು ಅತ್ತಳು.

ಹಿಂಡಿನ ಹಿಂದೆ ಈಗ ಮಗ ಹೋಗುತ್ತಾನೆ, ಬೇರೆ ಕಂಬಳಿ ಹೊದ್ದು. ನಾನು ಮುದುಕನ ಹೊರಸಿನ ಮೇಲೆ ಹಾಸಿಗೆಯಾಗಿದ್ದೇನೆ. ಅಂಚು ಸವೆದಿದೆ, ನಡುವೆ ತೂತು ಬಿದ್ದಿದೆ. ಮಳೆಗೆ ಅಂಜುವವರನ್ನು ಕಾಯುವ ಕೆಲಸ ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ನೆನೆಯಹೊರಟವನನ್ನು ಕಾಯುವುದು ಹೇಗೆಂದು ನನಗೆ ಇಂದಿಗೂ ತಿಳಿದಿಲ್ಲ.