ಪಿಂಗಾಣಿ ಗಂಡಹೆಂಡಿರು

ತವರಿನಲ್ಲಿ ಪಾಲಾಗುತ್ತದೆ ಎಂದು ತಿಳಿದು ನಾನು ಶಾಂತಿಗ್ರಾಮದಿಂದ ಹೊಳೆನರಸೀಪುರಕ್ಕೆ ಹೋದೆ. ಯಾರೂ ಕರೆದಿರಲಿಲ್ಲ. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಎನ್ನುತ್ತಾರಲ್ಲ, ಪಾಲಿನ ದಿನ ಆ ಗಾದೆ ಎಲ್ಲರಿಗೂ ಚೆನ್ನಾಗಿ ನೆನಪಿರುತ್ತದೆ.

ಅಣ್ಣ ಪಾಲಾಕ್ಷ ಹಾಸನದಲ್ಲಿ ಜವಳಿ ಅಂಗಡಿ ಇಟ್ಟಿದ್ದ, ತಮ್ಮ ಗೌರೀಶಂಕರ ಅರಕಲಗೂಡಿನಲ್ಲಿ. ಯುದ್ಧ ಬಂದು ಬಟ್ಟೆಗೆ ಕಂಟ್ರೋಲು ಬಿದ್ದ ಮೇಲೆ ಜಗಳವಾಗಿ, ಇಬ್ಬರೂ ಮಾತು ಬಿಟ್ಟು ವರ್ಷವಾಗಿತ್ತು. ಪಂಚಾಯ್ತಿಗೆ ಕೂತವನು ಅವ್ವನ ಸ್ವಂತ ತಮ್ಮ ಪುಟ್ಟಸ್ವಾಮಿ ಮಾವ. ಹೊಲ, ಮನೆ, ಕೊಳಗ, ಒನಕೆಯವರೆಗೂ ಹಂಚಿದ. ಉಳಿದದ್ದು ಆ ಬೊಂಬೆಗಳು.

ಮಂಜರಾಬಾದಿನ ತೋಟದ ದೊರೆಯೊಬ್ಬ ತನ್ನ ದೇಶಕ್ಕೆ ಹೊರಟಾಗ ಅಪ್ಪ ಕೊಂಡು ತಂದ ಮೇಣದಬತ್ತಿ ಕಂಬಗಳು ಅವು. ದೊರೆಯ ಮುತ್ತಜ್ಜನ ಕಾಲದವಂತೆ. ಒಂದರಲ್ಲಿ ಪಿಂಗಾಣಿಯ ಹೆಣ್ಣು, ಇನ್ನೊಂದರಲ್ಲಿ ಗಂಡು. ಕೆಳಗೆ ಚಿನ್ನದ ಲೇಪ ಕೊಟ್ಟ ಕಂಚಿನ ಪೀಠ, ಬೆನ್ನಿಗೆ ಕಂಚಿನ ಬಳ್ಳಿ, ಅದರ ತುದಿಯಲ್ಲಿ ಬತ್ತಿ ನಿಲ್ಲಿಸುವ ಬಟ್ಟಲು. ಅವರು ಗಂಡಹೆಂಡಿರೋ ಅಣ್ಣತಂಗಿಯೋ, ಕಂಡವರು ಯಾರು? ಅವ್ವ ದಸರೆಯಲ್ಲಿ ಪಟ್ಟದ ಬೊಂಬೆಗಳ ಪಕ್ಕ ಕೂರಿಸಿ, ಅರಿಶಿನ ಕುಂಕುಮ ಇಟ್ಟು, ಮದುವೆಯನ್ನೇ ಮಾಡಿಬಿಟ್ಟಿದ್ದಳು.

"ಒಂದೊಂದು ತಗೊಂಡ್ರಾಯ್ತು," ಎಂದ ತಮ್ಮ.

ಮಾವ ಕಿವಿ ಮುಚ್ಚಿಕೊಂಡ. "ಬಿಡ್ತು ಅನ್ನು! ಜೋಡಿ ಬೊಂಬೆ ಅಗಲಿಸಿದ್ರೆ ಮನೆಗೆ ಆಗ್ಬರಾಕಿಲ್ಲ ಕಣ್ಲಾ. ಎರಡೂ ದೊಡ್ಡೋನಿಗಿರ್ಲಿ. ನಿಂಗೆ ಬೆಳ್ಳಿ ತಟ್ಟೆ."

ಅದೇ ಉಸಿರಿನಲ್ಲಿ ಮುಂದುವರಿಸಿದ: "ಭಾವ ಅರಕಲಗೂಡಿಗೆ ಓಗ್ಲಿ, ಚಿಕ್ಕೋನ ಗಲ್ಲಾಪೆಟ್ಟಿಗೆ ತಾವ ಒಬ್ರು ಬೇಕು. ಅಕ್ಕ ಹಾಸನದಾಗಿರ್ಲಿ, ದೊಡ್ಡೋನ ಮಕ್ಳು ನೋಡ್ಕಳ್ಳಾಕೆ."

ನನಗೆ ಮೈಯೆಲ್ಲ ಉರಿಯಿತು. "ಬೊಂಬೆ ಅಗಲಿಸ್ಬಾರ್ದು, ಹೆತ್ತೋರ್ನ ಅಗಲಿಸ್ಬೋದಾ ಮಾವ? ಅಪ್ಪ, ಇಬ್ರೂ ನಮ್ಮನೆಗೆ ಬಂದ್ಬುಡಿ."

"ಮಗಳ ಮನೆ ಕೂಳು ತಿನ್ನೋ ಗತಿ ನಂಗಿನ್ನೂ ಬಂದಿಲ್ಲ ಕಣವ್ವ," ಎಂದರು ಅಪ್ಪ. ಅವ್ವ ಅವರನ್ನೇ ನೋಡುತ್ತಿದ್ದಳು. ಅವರು ಅವಳ ಕಡೆ ತಿರುಗಲಿಲ್ಲ.

"ಅವ್ವಾ, ಬೊಂಬೆ ಇಳ್ಸು," ಎಂದ ಪಾಲಾಕ್ಷ.

ಅವ್ವ ಎರಡನ್ನೂ ಗೂಡಿನಿಂದ ತೆಗೆದು, ಕೈಗೊಂದರಂತೆ ಹಿಡಿದು ಬಂದಳು. ಕಣ್ಣು ತುಂಬಿ ತೊಟ್ಟಿಯ ಮೆಟ್ಟಿಲು ಕಾಣಲಿಲ್ಲ. ಮುಗ್ಗರಿಸಿದಳು.

ವರ್ಷದಿಂದ ಮುಖ ಮುಖ ನೋಡದ ಅಣ್ಣತಮ್ಮಂದಿರು ಒಟ್ಟಿಗೆ ಹಾರಿದರು. ಅಣ್ಣ ಗಂಡು ಬೊಂಬೆ ಹಿಡಿದ, ತಮ್ಮ ಹೆಣ್ಣು ಬೊಂಬೆ ಹಿಡಿದ. ಅವ್ವ ಕಲ್ಲುಚಪ್ಪಡಿಯ ಮೇಲೆ ಬೋರಲು ಬಿದ್ದಳು.

"ಮುಕ್ಕಾಯ್ತಾ?" ಎಂದು ಮಾವ ಬೊಂಬೆಯನ್ನು ನೋಡುತ್ತಾ ಕೇಳಿದ.

ನಾನು ಓಡಿ ಬರುವಷ್ಟರಲ್ಲಿ ಅಪ್ಪ ಜಗಲಿಯಿಂದ ಇಳಿದು, ಅವಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಪಂಚೆಯ ಅಂಚಿನಿಂದ ಹಣೆಯ ರಕ್ತ ಒರೆಸುತ್ತಿದ್ದರು. ತಲೆ ಎತ್ತದೆಯೇ ಕೇಳಿದರು: "ನೀಲಾ, ನಿಮ್ಮನೇಲಿ ಇಬ್ರಿಗೆ ಒಂದು ಮೂಲೆ ಸಿಕ್ಕೀತಾ ತಾಯಿ?"

ಬನ್ನಿ ಎಂದು ಕರೆದವಳು ನಾನೇ. ಆದರೂ ಅಪ್ಪ ಹಾಗೆ ಬೇಡಿದ್ದನ್ನು ನೋಡಲಾರದೆ ನೀರು ತರಲು ಒಳಗೆ ಹೆಜ್ಜೆ ತಿರುಗಿಸಿದೆ. ಅದನ್ನು ಅಪ್ಪ ಬೇರೆಯೇ ಅರ್ಥ ಮಾಡಿಕೊಂಡರು.

"ಸುಮ್ನೆ ಕೂತು ಉಣ್ಣಾಕಿಲ್ಲ ಕಣವ್ವ," ಎಂದರು, ಜೀವಮಾನವೆಲ್ಲ ಜವಳಿ ಅಂಗಡಿಯ ಗದ್ದುಗೆಯ ಮೇಲೆ ಕೂತು ಬಟ್ಟೆ ಅಳೆದವರು. "ನಿಮ್ಮ ದನ ನೋಡ್ಕತೀನಿ."