ತಿಮ್ಮಕ್ಕ ಅಟ್ಟಕ್ಕೆ ಹಾಕಿದ ಕ್ಯಾಸೆಟ್

ಗುತ್ತಿಗಾರಿನ ತಿಮ್ಮಕ್ಕನ ಮನೆಗೆ ಟೀವಿ ಬಂದು ವರ್ಷವಾದರೂ ಅದರಲ್ಲಿ ಒಬ್ಬರ ಮುಖವೂ ನೆಟ್ಟಗೆ ಕಂಡದ್ದಿಲ್ಲ. ಸುತ್ತ ಗುಡ್ಡ. ಆಂಟೆನಾ ಎಷ್ಟು ಎತ್ತರ ಕಟ್ಟಿದರೂ ಬರುವುದು ಬರೀ ಚುಕ್ಕಿ. ಅಂಥ ಟೀವಿಗೆ ಮಗಳು ಶೀಲಾವತಿ ಟೀಚರು ಒಂದು ಸಣ್ಣ ಕಂಪ್ಯೂಟರ್ ತಂದು ಜೋಡಿಸಿದಾಗ ತಿಮ್ಮಕ್ಕನಿಗೆ ನಗು ತಡೆಯಲಿಲ್ಲ.

"ಇದು ಎಂತಕ್ಕೆ ಮಾರಾಯ್ತಿ? ತೋಟಕ್ಕೆ ಆನೆ ಬಂದ್ರೆ ಓಡಿಸ್ತದಾ?"

"ಆನೆ ಓಡಿಸುದಿಲ್ಲ ಅವ್ವ. ನಾವು ಹೇಳಿದ ಹಾಗೆ ಕೇಳ್ತದೆ."

"ಹಾಗಾದ್ರೆ ನಿನಗಿಂತ ವಾಸಿ!"

ಶೀಲಾವತಿ ಬಿಡಲಿಲ್ಲ. ರಜೆಯಲ್ಲಿ ತನ್ನ ಜೊತೆ ಕಂಪ್ಯೂಟರ್ ತರಬೇತಿಗೆ ಬಂದಿದ್ದ ಜಾಲ್ಸೂರಿನ ಝುಬೈದಾ ಟೀಚರನ್ನು ಸೇರಿಸಿಕೊಂಡಳು. ಇಬ್ಬರೂ ಚೌಕುಳಿ ಕಾಗದದಲ್ಲಿ ಚುಕ್ಕಿ ಇಟ್ಟು ಕನ್ನಡ ಅಕ್ಷರ ಬಿಡಿಸಿದರು. ಅವು ಟೀವಿಯಲ್ಲಿ ಮೂಡುವಂತೆ ಶೀಲಾವತಿ ಪ್ರೋಗ್ರಾಂ ಬರೆದಳು. ಕಂಪ್ಯೂಟರ್ ಆಫ್ ಮಾಡಿದರೆ ಬರೆದದ್ದೆಲ್ಲ ಅಳಿಸಿಹೋಗುತ್ತದೆ. ಹಾಗಾಗಿ ಹಾಡು ತುಂಬಿಸುವಂಥದೇ ಕ್ಯಾಸೆಟ್ಟಿನಲ್ಲಿ ಅದನ್ನು ತುಂಬಿಸಿಟ್ಟಳು. ಭಾನುವಾರ ಮಹಿಳಾ ಮಂಡಲದವರು ನೋಡಲು ಬರುವುದೆಂದಾಯಿತು. ಅವರಿಗೆ ಒಪ್ಪಿಗೆಯಾದರೆ ವಾರಕ್ಕೊಮ್ಮೆ ತಮ್ಮ ಹೆಣ್ಣುಮಕ್ಕಳನ್ನು ಕಲಿಯಲು ಕಳಿಸುತ್ತಾರೆ. ಇಲ್ಲದಿದ್ದರೆ ಆ ಮಾತು ಅಲ್ಲಿಗೇ ಮುಗಿಯಿತು.

ಆಗ ಆಟಿ ತಿಂಗಳ ಜಡಿಮಳೆ, ಮುಟ್ಟಿದ್ದೆಲ್ಲ ತೇವ. ತಿಮ್ಮಕ್ಕ ಬಾಯಲ್ಲಿ ಗೇಲಿ ಮಾಡಿದರೂ ಮಗಳ ವಸ್ತುವಿನ ಮೇಲೆ ಅಕ್ಕರೆ ಇಲ್ಲದವಳಲ್ಲ. ಕ್ಯಾಸೆಟ್ಟಿಗೆ ಬೂಷ್ಟು ಹಿಡಿದೀತೆಂದು, ಸೌತೆ ಬೀಜ, ಒಣಮೀನು ಇಡುವ ಒಲೆಯ ಮೇಲಿನ ಅಟ್ಟದಲ್ಲಿ ಅದನ್ನೂ ಬೆಚ್ಚಗೆ ಇಟ್ಟಳು. ಭಾನುವಾರ ತೆಗೆದು ನೋಡುವಾಗ ಕ್ಯಾಸೆಟ್ ಸುಟ್ಟ ಹಪ್ಪಳದ ಹಾಗೆ ಡೊಂಕಾಗಿತ್ತು.

ಶೀಲಾವತಿ ಬೈಯಲಿಲ್ಲ. ಬೈದಿದ್ದರೇ ತಿಮ್ಮಕ್ಕನಿಗೆ ಸಮಾಧಾನವಾಗುತ್ತಿತ್ತೋ ಏನೋ. "ನಾನೇ ಹಾಳು ಮಾಡಿದೆ ಮಗಾ. ಇನ್ನು ಅವರಿಗೆ ಎಂತ ತೋರಿಸುದು?" ಎನ್ನುತ್ತಾ ತಿಮ್ಮಕ್ಕ ಆ ಡೊಂಕು ಕ್ಯಾಸೆಟ್ಟನ್ನು ಸೆರಗಿನಲ್ಲಿ ಒರೆಸಿದಳು.

ಅಷ್ಟರಲ್ಲಿ ಬಸ್ಸಿಳಿದು ಬಂದ ಝುಬೈದಾ ಕೊಡೆ ಮಡಚುತ್ತಾ, "ಎಂತ ತಿಮ್ಮಕ್ಕ, ಮುಖ ಸಪ್ಪೆ?" ಎಂದು ಕೇಳಿದಳು. ವಿಷಯ ತಿಳಿದಾಗ ನಕ್ಕೇಬಿಟ್ಟಳು. "ಅಷ್ಟೆಯಾ? ಇನ್ನೊಂದು ನನ್ನ ಹತ್ರ ಉಂಟಲ್ಲ! ಶೀಲಾ ಬರೆದದ್ದರ ಒಂದು ಪ್ರತಿ ನನ್ನ ಮನೆಯಲ್ಲಿ, ನಾನು ಬರೆದದ್ದರದ್ದು ಇಲ್ಲಿ. ನಾವು ಹಾಗೇ ಇಡುದು. ಇವತ್ತು ಬೇಕಾದೀತು ಅಂತ ತಂದೆ."

ತಿಮ್ಮಕ್ಕನ ಮುಖ ಅರಳಿತು. "ಓ, ಬೀಜ ಇಟ್ಟ ಹಾಗೆ! ಸೌತೆ ಬೀಜ ನಾನೂ ಅರ್ಧ ಆಚೆಮನೆಗೆ ಕೊಡುದಲ್ವಾ? ನಮ್ಮದು ಹುಳ ತಿಂದ್ರೂ ಅವರ ಹತ್ರ ಇರ್ತದೆ."

"ಹೌದು ತಿಮ್ಮಕ್ಕ, ಅದೇ!"

ಮಧ್ಯಾಹ್ನ ಮನೆಯ ಚಾವಡಿ ತುಂಬ ಹೆಂಗಸರು. ಝುಬೈದಾ ತಂದ ಕ್ಯಾಸೆಟ್ ಹಾಕಿದ್ದೇ ತಡ, ಕಂಪ್ಯೂಟರಿಗೆ ಜೋಡಿಸಿದ್ದ ಟೇಪ್‌ರೆಕಾರ್ಡರ್ ಕೀಚಲು ದನಿಯಲ್ಲಿ ಕಿರುಚತೊಡಗಿತು. ಎಲ್ಲರೂ ಕಿವಿ ಮುಚ್ಚಿಕೊಂಡರು. ಆ ಸದ್ದಿನಿಂದಲೇ ಪ್ರೋಗ್ರಾಂ ಕಂಪ್ಯೂಟರಿಗೆ ಬರಬೇಕು; ಮೊದಲ ಸಲ ಬರಲಿಲ್ಲ. ಝುಬೈದಾ ವಾಲ್ಯೂಮನ್ನು ಮೊದಲೇ ಗುರುತು ಹಾಕಿದ್ದ ಗೆರೆಗೆ ತಿರುಗಿಸಿ ಮತ್ತೆ ಹಾಕಿದಳು. ಈ ಸಲ ಬಂತು. ಶೀಲಾವತಿ ಅವ್ವನ ಬೆರಳು ಹಿಡಿದು ಒಂದು ಗುಂಡಿ ಒತ್ತಿಸಿದಳು. ಟೀವಿಯ ಮೇಲೆ ದೊಡ್ಡದಾಗಿ, ಕನ್ನಡದಲ್ಲಿ, ಒಂದು ಚುಕ್ಕಿಯೂ ತಪ್ಪದೆ ಮೂಡಿತು: ಗುತ್ತಿಗಾರು.

ತಿಮ್ಮಕ್ಕನ ಎದೆ ಉಬ್ಬಿತು. ಅವಳು ಎದ್ದು ನಿಂತು ಎಲ್ಲರಿಗೂ ಕೇಳುವ ಹಾಗೆ ಹೇಳಿದಳು: "ಡೆಲ್ಲಿಯದ್ದು ಬಾರದ ಟೀವಿಯಲ್ಲಿ ನಮ್ಮ ಊರು ಬಂತು, ನೋಡಿ! ಮಾಡಿದ್ದು ನನ್ನ ಮಗಳು ಮತ್ತೆ ಈ ಝುಬೈದಾ. ಇದೇ ಚಾವಡಿಯಲ್ಲಿ ಕೂತು!"

ಮುಂದಿನ ಭಾನುವಾರ ಹುಡುಗಿಯರು ಬಂದರು. ಪಾಠ ಮುಗಿಸಿ ಹೊರಟವರನ್ನು ತಿಮ್ಮಕ್ಕ ಬಾಗಿಲಲ್ಲೇ ತಡೆದಳು. "ಎರಡನೇ ಕ್ಯಾಸೆಟ್ ಮಾಡಿದ್ರಾ? ಇಲ್ಲದಿದ್ರೆ ಒಳಗೆ ನಡೀರಿ."

ಮನೆಯಲ್ಲಿ ಕಂಪ್ಯೂಟರ್ ಕಲಿಯುವ ಬಂಧುಗಳೇ, ಜೊತೆಯಲ್ಲಿ ಬಂದ ಪುಸ್ತಕವನ್ನು ಓದಿ. ಅದರಲ್ಲಿರುವ ಚಿಕ್ಕ ಪ್ರೋಗ್ರಾಮುಗಳನ್ನು ಮೊದಲು ಹಾಗೆಯೇ ಟೈಪ್ ಮಾಡಿ, ಆಮೇಲೆ ಒಂದೊಂದೇ ಸಾಲು ಬದಲಿಸಿ ನೋಡಿ. ಒಬ್ಬರೇ ತಲೆ ಕೆಡಿಸಿಕೊಳ್ಳಬೇಡಿ, ಕಲಿಯುವ ಇನ್ನೊಬ್ಬರನ್ನು ಹುಡುಕಿ. ಕ್ಯಾಸೆಟ್ಟಿನ ಬೆನ್ನಿನಲ್ಲಿರುವ ಸಣ್ಣ ಪ್ಲಾಸ್ಟಿಕ್ ಚೂರು ಮುರಿದರೆ, ಅದರ ಮೇಲೆ ಯಾರೂ ತಿಳಿಯದೆ ಹಾಡು ತುಂಬಿಸಲಾರರು. ನೀವು ಬರೆದದ್ದು ನಿಮ್ಮ ಬೆಳೆ, ಅದರ ಬೀಜ ಆಚೆಮನೆಯಲ್ಲೂ ಇರಲಿ. ಒಲೆಯ ಮೇಲೆ ಮಾತ್ರ ಬೇಡ. ನಂಬಿಕೆ ಬಾರದಿದ್ದರೆ ತಿಮ್ಮಕ್ಕನನ್ನೇ ಕೇಳಿ!