ಮಗಳ ಅಸ್ಥಿ ಕೇಳಲು ಹೋದದ್ದು

ಮಗಳು ಮಂಜುಶ್ರೀ ತೀರಿಕೊಂಡು ಒಂಬತ್ತು ದಿನವಾಗಿತ್ತು. ಮರುದಿನದೊಳಗೆ ಅವಳ ಅಸ್ಥಿಯನ್ನು ಶ್ರೀರಂಗಪಟ್ಟಣದಲ್ಲಿ ಕಾವೇರಿಗೆ ಬಿಡಬೇಕು. ಅಳಿಯ ಶಿವಶಂಕರ್ ಅಸ್ಥಿಯ ಮಡಕೆಯನ್ನು ಮನೆಯಲ್ಲೇ ಇಟ್ಟುಕೊಂಡು ಕೊಡಲೊಲ್ಲೆ ಎನ್ನುತ್ತಿದ್ದ. ಜಾಲಹಳ್ಳಿಯಿಂದ ವರ್ತೂರಿನ ಅವನ ಬಾಡಿಗೆ ಮನೆಗೆ ನಾನೇ ಹೋದೆ.

ಅರ್ಧ ಬಾಗಿಲು ತೆರೆದ. ಒಳಗೆ ಬನ್ನಿ ಎನ್ನಲಿಲ್ಲ.

"ಕೊಡಲ್ಲ ಸಾರ್. ಅವಳು ನನ್ನೋಳು. ಎಲ್ಲಿಗೂ ಕಳ್ಸಲ್ಲ."

ಅವನು ನನ್ನನ್ನು ಮಾವ ಎಂದು ಎಂದೂ ಕರೆದವನಲ್ಲ. ಕಾಲೇಜಿನಲ್ಲಿ ಅವನಿಗೂ ಮಂಜುಶ್ರೀಗೂ ಇಂಗ್ಲಿಷ್ ಕಾದಂಬರಿ ಕಲಿಸಿದವನು ನಾನು. ಸದಾ ಮುಖ ಗಂಟಿಕ್ಕಿಕೊಂಡು, ಸುತ್ತಲಿನವರನ್ನೆಲ್ಲ ನೋಯಿಸಿ, ಒಬ್ಬಳಿಗಾಗಿ ಮಾತ್ರ ಉರಿಯುವ ಆ ನಾಯಕರನ್ನು ಮೂವತ್ತು ವರ್ಷ ಹೊಗಳಿದೆ. ಮುಂದಿನ ಬೆಂಚಿನಲ್ಲಿ ಕೂತು ನನ್ನ ಮಗಳು ಅದನ್ನೆಲ್ಲ ನಂಬಿದಳು.

"ಸತ್ತವಳನ್ನೂ ಬಿಡದೋನೇ ನಿಜವಾದ ಪ್ರೇಮಿ ಅಂದಿದ್ದು ನೀವೇ ಅಲ್ವಾ? ನೋಟ್ಸ್ ಇದೆ, ತೋರಿಸ್ಲಾ?"

"ತಪ್ಪು ಹೇಳಿಕೊಟ್ಟೆ ಕಣೋ."

"ಓಹೋ, ಈಗ ಸಿಲಬಸ್ ಬದಲಾಯ್ತಾ ಸಾರ್?"

ಗಲಾಟೆ ಕೇಳಿ ಮನೆಯ ಒಡತಿ ಚಿಕ್ಕಮುನಿಯಮ್ಮ ಕೆಳಗಿನಿಂದ ಮೆಟ್ಟಿಲು ಹತ್ತಿ ಬಂದರು.

"ಯಾವ ಸೀಮೆ ಪ್ರೀತಿಯೋ ನಿಂದು? ಜ್ವರದಾಗೆ ನಾಕ್ ದಿನ ನರಳ್ತು ಆ ಎಣ್ಣು. ಆಸ್ಪತ್ರೆಗೆ ಕರ್ಕೊಂಡೋಯ್ತೀನಿ ಅಂತ ನಾ ಬಂದ್ರೆ, ನನ್ ಎಂಡ್ರುನ ನಾನ್ ನೋಡ್ಕೋತೀನಿ ಅಂತ ಬಾಗ್ಲಾಕ್ಕೊಂಡೆ. ಅಪ್ಪಂಗೆ ಫೋನ್ ಮಾಡಾಕೂ ಬಿಡ್ನಿಲ್ಲ!"

ಇದು ನನಗೆ ಗೊತ್ತಿರಲಿಲ್ಲ. ಅವನ ಮುಖ ನೋಡಿದೆ. ಅವನು ಕಣ್ಣು ತಪ್ಪಿಸಿ ಅವರತ್ತ ತಿರುಗಿದ.

"ಅಕ್ಕ, ನೀವು ಸುಮ್ನಿರಿ."

"ಅವತ್ತು ಸುಮ್ಕಿದ್ದಿದ್ಕೇ ಆ ಎಣ್ಮಗ ಓಯ್ತು. ಮಡಿಕೆ ಕೊಡು. ಇಲ್ಲಾಂದ್ರೆ ಇವತ್ತೇ ಮನೆ ಖಾಲಿ ಮಾಡು."

ಅವನು ಕದಲಲಿಲ್ಲ. ನಾನು ಅವನನ್ನು ತಳ್ಳಿಕೊಂಡು ಒಳಗೆ ಹೋದೆ. ತಡೆಯಲು ಬಂದವನ ತೋಳನ್ನು ಚಿಕ್ಕಮುನಿಯಮ್ಮ ಹಿಡಿದುಕೊಂಡರು. ಬಿಳಿ ಬಟ್ಟೆ ಕಟ್ಟಿದ ಮಡಕೆ ಮಂಚದ ಮೇಲೆ, ಅವಳ ದಿಂಬಿನ ಪಕ್ಕದಲ್ಲಿತ್ತು. ಎತ್ತಿಕೊಂಡೆ. ತೀರ ಹಗುರವಾಗಿತ್ತು.

ಮೆಟ್ಟಿಲ ಬಳಿ ಬಂದಾಗ ಅವನು ಹಿಂದಿನಿಂದ ಕೂಗಿದ.

"ಕರ್ಮ ಮಾಡೋಕೆ ಗಂಡ ಬೇಕಲ್ಲ ಸಾರ್? ನಾನು ಬರ್ದೇ ಇದ್ರೆ ಪುರೋಹಿತರು ಹೆಂಗೆ ಮಾಡಿಸ್ತಾರೆ?"

ಶಾಸ್ತ್ರದ ಪ್ರಕಾರ ಅವನ ಮಾತು ಸರಿ. ಗಂಡ ಬದುಕಿರುವಾಗ ಅಪ್ಪ ಕರ್ಮಕ್ಕೆ ಕೂರುವಂತಿಲ್ಲ. ನಾನು ಎಪ್ಪತ್ತೆರಡು ವರ್ಷ ಶಾಸ್ತ್ರ ಬಿಟ್ಟು ನಡೆದವನಲ್ಲ, ದೇವರ ಮುಂದೆ ಸುಳ್ಳು ಹೇಳಿದವನೂ ಅಲ್ಲ.

"ಗಂಡ ಸತ್ತಿದ್ದಾನೆ ಅಂತ ಹೇಳ್ತೀನಿ," ಎಂದು ಹೇಳಿ ಕೆಳಗಿಳಿದೆ.